ಡೇರೆಯಲ್ಲೊಬ್ಬರು ಕಡಿಮೆ

ಆ ಬೇಸಿಗೆ ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಮೊಸರನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಹೊರಟರೆ ನನ್ನ ಮೊದಲ ಕೆಲಸ ಹದಿಹರೆಯದ ಮಕ್ಕಳ ಹಣೆಗೆ ಪಿಸ್ತೂಲಿನಂಥದೊಂದನ್ನು ಹಿಡಿಯುವುದಾಗಿತ್ತು. ಜ್ವರ ನೋಡುವ ಯಂತ್ರ ಅದು. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲರಿಗೂ ನೂರಾ ಎರಡು ಡಿಗ್ರಿ ತೋರಿಸುತ್ತಿತ್ತು. ಕಾರಿನ ಎಸಿಯಿಂದ ಆಗಷ್ಟೇ ಇಳಿದ ಮಕ್ಕಳಿಗಾದರೆ ತೊಂಬತ್ತೊಂದು. ಆ ಲೆಕ್ಕದಲ್ಲಿ ಅವರಿಗೆ ಬೇಸಿಗೆ ಕಾರ್ಯಕ್ರಮಕ್ಕಿಂತ ಆಸ್ಪತ್ರೆಯೇ ಲೇಸು. ಯಂತ್ರವನ್ನು ಐಸ್ ಪೆಟ್ಟಿಗೆಯ ನೆರಳಿನಲ್ಲಿಟ್ಟು, ಮಕ್ಕಳನ್ನು ಮೇಪಲ್ ಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿಸಿ, ಎರಡೂ ಕಡೆಯವರು ತಣ್ಣಗಾದ ಮೇಲೆ ನೋಡುತ್ತಿದ್ದೆ. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ವರ್ಷ ಯಾರಿಗೂ ಯಾವುದನ್ನೂ ಹೇಳಿಕೊಡುವಷ್ಟು ಗೊತ್ತಿರಲಿಲ್ಲ.

ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿದ್ದಾಗ ನನಗೆ ಪರಿಚಯವಿದ್ದ ಯಹೂದಿಯೆಂದರೆ ನಮ್ಮ ಹಲ್ಲಿನ ಡಾಕ್ಟರು ಒಬ್ಬರೇ. ಗಂಡನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿ, ಶಿಕಾಗೋ ಬಿಟ್ಟು ಡೆಟ್ರಾಯಿಟ್ ಕಡೆಯ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದೆವು. ಅಲ್ಲಿ ಮನೆಯಿಂದ ನಾಲ್ಕು ಮೈಲಿ ದೂರದಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ. ಅದರ ನೆಲಮಾಳಿಗೆಯಲ್ಲಿ ಒಂದು ಶಿಶುವಿಹಾರ, ಆ ಶಿಶುವಿಹಾರದ ಮುಂಬಾಗಿಲ ಮೇಜಿನ ಹಿಂದೆ ಎಷ್ಟೋ ವರ್ಷಗಳಿಂದ ನಾನು. ಮಾಂಸದ ಪಾತ್ರೆ ಹಾಲಿನ ಪಾತ್ರೆಗೆ ತಾಕಬಾರದು, ಶುಕ್ರವಾರ ಸಂಜೆಯ ಹೊತ್ತಿಗೆ ಕೆಲಸ ಮುಗಿದಿರಬೇಕು, ಇಂಥ ದಿನ ಬ್ರೆಡ್ಡು ಕಟ್ಟಡದೊಳಗೇ ಬರಬಾರದು: ಇದೆಲ್ಲ ನನಗೆ ಅಭ್ಯಾಸವಾಗಿತ್ತು. ಮಡಿಯ ಮನೆಯಲ್ಲಿ ಬೆಳೆದವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ, ಕಾರಣ ಕೇಳಬಾರದು ಎನ್ನುವುದು ಸೇರಿದಂತೆ.

ಆ ಮಾರ್ಚ್‌ನಲ್ಲಿ ಕೊರೋನಾ ಸೋಂಕು ಬಂದು ಶಿಶುವಿಹಾರ ಮುಚ್ಚಿತು. ಏಪ್ರಿಲ್‌ನಲ್ಲಿ ಗಂಡನ ಕಾರ್ಖಾನೆಯೂ ನಿಂತು, ಅವರು ಅರ್ಧ ಸಂಬಳದ ಮೇಲೆ ಪೂರ್ತಿ ದಿನ ಮನೆಯಲ್ಲಿರತೊಡಗಿದರು. ನನ್ನ ಅಡುಗೆಮನೆಯ ಡಬ್ಬಿಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಜೀರಿಗೆ ಎಲ್ಲಿ ಎಂದು ನನ್ನಿಂದಲೇ ಕೇಳಿಸಿಕೊಂಡರು. ಆದ್ದರಿಂದ ಜೂನ್‌ನಲ್ಲಿ ಮಂದಿರದ ಯುವಜನ ವಿಭಾಗದ ನಿರ್ದೇಶಕ ಫೋನ್ ಮಾಡಿ, ಹದಿಮೂರರಿಂದ ಹದಿನಾರು ವರ್ಷದ ಮಕ್ಕಳಿಗೆ ಮೂರು ವಾರದ ಹಗಲು ಕಾರ್ಯಕ್ರಮ ನಡೆಸುತ್ತೇವೆ, ನೀವು ಬಂದು ನಡೆಸಿಕೊಡುತ್ತೀರಾ ಎಂದಾಗ ನಾನು ಯೋಚಿಸುತ್ತೇನೆ ಎಂದು ಕೂಡ ಹೇಳಲಿಲ್ಲ.

"ಏನು ನಡೆಸ್ಬೇಕಂತೆ?" ಎಂದರು ಗಂಡ.

"ಕಾರ್ಯಕ್ರಮದಲ್ಲಿ ಕಲಿಸೋದೆಲ್ಲ ಅವರು. ಕಲಿಯೋರು ಸಾಯದ ಹಾಗೆ ನೋಡ್ಕೊಳ್ಳೋದು ನಾನು."

"ಸರಿ ಬಿಡು. ಮನೇಲಿ ಇಷ್ಟು ವರ್ಷ ಅದನ್ನೇ ಮಾಡಿದೀಯ."

ಆ ಮಕ್ಕಳು ಪ್ರತಿ ವರ್ಷ ಉತ್ತರದ ಕೆರೆಗಳ ದಡದಲ್ಲಿ, ಮರದ ಗುಡಿಸಲುಗಳಲ್ಲಿ, ದೋಣಿ ಹುಟ್ಟು ಹಾಕುತ್ತಾ, ಅಪ್ಪ ಅಮ್ಮಂದಿರ ಕಾಟವಿಲ್ಲದೆ ಬೇಸಿಗೆ ಕಳೆಯುತ್ತಿದ್ದವರು. ಆ ವರ್ಷ ಅದೆಲ್ಲ ಮುಚ್ಚಿತ್ತು. ಬದಲಿಗೆ ಅವರಿಗೆ ಸಿಕ್ಕಿದ್ದು ಮಂದಿರದ ಹಿಂದಿನ ಹುಲ್ಲುಹಾಸು, ಎರಡು ಬಿಳಿ ಡೇರೆ, ನಡುವೆ ಒಂದು ಹಳದಿ ಹಗ್ಗ, ಮತ್ತು ನಾನು. ಅವರು ಮಾಸ್ಕಿನ ಮೇಲಿನಿಂದ ನನ್ನನ್ನು ನೋಡಿದ ರೀತಿಯಲ್ಲಿ ದೂರಿರಲಿಲ್ಲ, ಅಂದಾಜಿತ್ತು. ಕೆರೆಯನ್ನು ಕೇಳಿದವರಿಗೆ ಬಕೆಟ್ಟು ಕೊಟ್ಟರೆ ಹಾಗೇ ನೋಡುತ್ತಾರೆ.

ನಿಯಮಗಳು ನಮ್ಮ ಅತ್ತೆಯವರೇ ಬರೆದಂತಿದ್ದವು. ಒಬ್ಬರ ತಿಂಡಿ ಒಬ್ಬರು ಮುಟ್ಟಬಾರದು. ಒಬ್ಬರ ಬಾಟಲಿಗೆ ಒಬ್ಬರು ಬಾಯಿ ಹಾಕಬಾರದು. ಹಾಡಬಾರದು, ಬೇಕಾದರೆ ಮೂಗಿನಲ್ಲಿ ಗುನುಗಬಹುದು. ಕಚ್ಚದೆ ಎತ್ತಿ ಕುಡಿಯುವುದನ್ನು ಒಂದು ದಿನ ತೋರಿಸಿಕೊಟ್ಟೆ. ಎಲ್ಲರ ಅಂಗಿಯೂ ಒದ್ದೆಯಾಗಿ, ಅದೇ ಆ ವಾರದ ಅತ್ಯಂತ ಯಶಸ್ವಿ ಚಟುವಟಿಕೆಯೆಂದು ನಿರ್ದೇಶಕ ಹೊಗಳಿದ. ಹಿರಿಯರು ಮಾಡಿದ ಮಡಿಯೇ ಕೊನೆಗೆ ಜಗತ್ತಿಗೆ ಗತಿಯಾಯಿತು ಎಂದು ಆ ದಿನಗಳಲ್ಲಿ ವಾಟ್ಸ್ಯಾಪ್‌ನಲ್ಲಿ ದಿನಕ್ಕೆ ನಾಲ್ವರು ನನಗೆ ಕಳಿಸುತ್ತಿದ್ದರು. ಅದರಲ್ಲಿ ಮೂವರು ಸಂಜೆ ಪಿಜ್ಜಾ ತರಿಸಿ ಅದರ ಪಟವನ್ನೂ ಕಳಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ನಿಯಮ, ಒಂದು ಡೇರೆಯಲ್ಲಿ ಹಿರಿಯರೂ ಸೇರಿ ಹತ್ತು ಮಂದಿ. ಆ ಹತ್ತು ಮಂದಿ ಮೂರು ವಾರವೂ ಅವರೇ. ಹಗ್ಗದ ಆಚೆಯವರು ಈಚೆ ಬರುವಂತಿಲ್ಲ, ಈಚೆಯವರು ಆಚೆ ಹೋಗುವಂತಿಲ್ಲ. ಒಂದು ಡೇರೆಯಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಸೋಂಕು ಬಂದರೆ ಆ ಡೇರೆ ಮಾತ್ರ ಮನೆಗೆ.

ನಿರ್ದೇಶಕನಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ತೆಳ್ಳಗೆ, ಗಡ್ಡ ಬಿಟ್ಟುಕೊಂಡು, ಯಾವ ಕೆಟ್ಟ ಸುದ್ದಿಯಲ್ಲೂ ಒಂದು ಒಳ್ಳೆಯದನ್ನು ಹುಡುಕಿ ತೆಗೆಯುವ ಮನುಷ್ಯ. ಈ ಹತ್ತರ ನಿಯಮದಲ್ಲಿ ಅವನಿಗೆ ಅಂಥದೊಂದು ಸಿಕ್ಕಿತ್ತು.

"ಎಷ್ಟು ಚೆನ್ನಾಗಿದೆ ನೋಡಿ," ಎಂದ ಮೊದಲ ದಿನ ಕುರ್ಚಿ ಹಾಕುವಾಗ. "ಡಾಕ್ಟರುಗಳು ಹತ್ತಕ್ಕಿಂತ ಜಾಸ್ತಿ ಬೇಡ ಅಂತಾರೆ. ನಾವು ಎಷ್ಟೋ ಕಾಲದಿಂದ ಹತ್ತಕ್ಕಿಂತ ಕಮ್ಮಿ ಬೇಡ ಅಂತಿದೀವಿ. ಎರಡೂ ಸರಿಯಾಗಿ ಕೂಡಿದ್ದು ಇದೇ ಮೊದಲು."

ಯಹೂದಿಗಳಲ್ಲಿ ಕೆಲವು ಪ್ರಾರ್ಥನೆಗಳನ್ನು ಒಬ್ಬರೇ ಹೇಳುವಂತಿಲ್ಲ. ಹದಿಮೂರು ದಾಟಿದ ಹತ್ತು ಮಂದಿ ಯಹೂದಿಗಳು ಒಂದೆಡೆ ಸೇರಬೇಕು. ಆ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಈ ಮಂದಿರದಲ್ಲಿ ಹೆಣ್ಣುಮಕ್ಕಳನ್ನೂ ಎಣಿಸುತ್ತಾರೆ. ಎರಡು ಡೇರೆ, ಎರಡು ಮಿನ್ಯಾನ್ ಎಂದು ನಿರ್ದೇಶಕ ಜಾಹೀರಾತಿನಲ್ಲೂ ಅಚ್ಚು ಹಾಕಿಸಿದ್ದ.

ಮಂದಿಯನ್ನು ಒಂದು, ಎರಡು ಎಂದು ಬೆರಳು ಮಾಡಿ ಎಣಿಸುವುದು ಅವರಲ್ಲಿ ಒಳ್ಳೆಯದಲ್ಲ. ಹತ್ತು ಪದಗಳ ಒಂದು ಶ್ಲೋಕವಿದೆ. ಒಬ್ಬೊಬ್ಬರಿಗೆ ಒಂದೊಂದು ಪದ ಹೇಳುತ್ತಾ ಹೋಗುತ್ತಾರೆ, ಶ್ಲೋಕ ಮುಗಿದರೆ ಹತ್ತು ಮಂದಿ ಇದ್ದಾರೆಂದು ಅರ್ಥ. ನಮ್ಮ ತಾತ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದುದು ನೆನಪಾಗಿ ನನಗೆ ಇದು ಬಹಳ ಹಿಡಿಸಿತು. ನಿರ್ದೇಶಕ ಹಗ್ಗದ ಆಚೆ ನಿಂತು ತನ್ನ ಡೇರೆಯಲ್ಲಿ ಶ್ಲೋಕ ಹೇಳಿದ. ತನ್ನನ್ನೂ ಸೇರಿಸಿಕೊಂಡು ಸೊಗಸಾಗಿ ಮುಗಿಸಿದ. ಆಮೇಲೆ ನಮ್ಮ ಡೇರೆಯತ್ತ ತಿರುಗಿ ಒಂದೊಂದು ಪದಕ್ಕೆ ಒಂದೊಂದು ತಲೆಯನ್ನು ನೋಡುತ್ತಾ ಬಂದು, ಒಂಬತ್ತನೆಯ ಪದ ಹೇಳಿ, ನನ್ನ ಮುಖ ನೋಡಿದ. ಬಾಯಿ ತೆರೆದೇ ಇತ್ತು. ಹತ್ತನೆಯ ಪದ ಒಳಗೇ ಉಳಿಯಿತು.

ಕೆಲಸ ಕಳೆದುಕೊಂಡವರ ಆ ವರ್ಷದಲ್ಲಿ ಕೆಲಸಕ್ಕೆ ಸಿಕ್ಕವಳು ನಾನು. ಸಿಕ್ಕಿದ ಸಂತೋಷದಲ್ಲಿ ನಾನು ಯಾರೆಂದು ಅವನೂ ಮರೆತಿದ್ದ, ನನ್ನ ಕೊರಳಲ್ಲಿ ಕರಿಮಣಿಯಿದ್ದರೂ.

"ನೀವು..." ಎಂದ.

"ನಾನು ಅಲ್ಲ," ಎಂದೆ.

"ಅಲ್ಲ ಅಲ್ವಾ," ಎಂದ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಒಳ್ಳೆಯದನ್ನು ಹುಡುಕಿದ. "ತೊಂದರೆಯಿಲ್ಲ. ಹೆಚ್ಚಿನದನ್ನೆಲ್ಲ ಒಂಬತ್ತು ಮಂದಿಯೂ ಹೇಳಬಹುದು. ಕಾಡಿಶ್ ಅನ್ನೋದೊಂದು ಬಿಡಬೇಕಾಗುತ್ತೆ. ಅದು ಮನೇಲಿ ಯಾರಾದರೂ ತೀರಿಕೊಂಡಿದ್ದರೆ ಹೇಳೋದು. ಈ ಮಕ್ಕಳಿಗೆ ಯಾಕೆ ಬೇಕು?"

ಹಾಗೆಂದು ನಾವಿಬ್ಬರೂ ನಕ್ಕೆವು. ನಮ್ಮ ಡೇರೆಯ ಮೂಲೆಯ ಕುರ್ಚಿಯಲ್ಲಿದ್ದ ಹುಡುಗಿ ನಗಲಿಲ್ಲವೆಂಬುದು, ಎಲ್ಲರೂ ಮಾಸ್ಕ್ ಹಾಕಿದ್ದರಿಂದ, ನನಗೆ ಗೊತ್ತಾಗಲಿಲ್ಲ.

ಅವಳಿಗೆ ಹದಿನೈದು ವರ್ಷ. ಕಡ್ಡಿಯಂಥ ಹುಡುಗಿ, ದಪ್ಪ ಕನ್ನಡಕ, ಅದು ಮಾಸ್ಕಿನ ಉಸಿರಿಗೆ ಸದಾ ಮಂಜಾಗಿರುತ್ತಿತ್ತು. ಅವಳ ಶಾಲೆಯಲ್ಲಿ ನಮ್ಮವರ ಮಕ್ಕಳು ಬಹಳ. ಹಾಗಾಗಿ ಮೊದಲ ದಿನದಿಂದಲೇ ನನ್ನನ್ನು ಆಂಟಿ ಎಂದಳು. ಅವಳನ್ನು ನೋಡಿ ಉಳಿದವರೂ ಹಾಗೇ ಕರೆದರು. ಎರಡನೆಯ ವಾರ ಶುರುವಾದ ದಿನ ಊಟದ ಹೊತ್ತಿನಲ್ಲಿ ಅವಳು ತನ್ನ ಕುರ್ಚಿಯನ್ನು ನನ್ನ ಕುರ್ಚಿಯಿಂದ ಸರಿಯಾಗಿ ಆರು ಅಡಿಗೆ ತಂದು ಹಾಕಿಕೊಂಡಳು.

"ಆಂಟಿ, ಒಂದು ಕೇಳ್ಲಾ? ನೀವು ಜ್ಯೂ ಆಗೋಕೆ ಎಷ್ಟು ಟೈಮ್ ಬೇಕಾಗುತ್ತೆ?"

ಮೊಸರನ್ನದ ಚಮಚ ನನ್ನ ಬಾಯಿಯ ಹತ್ತಿರವೇ ನಿಂತಿತು. "ಯಾಕಮ್ಮಾ?"

"ಸುಮ್ನೆ. ನಾನು ಸರ್ಚ್ ಮಾಡಿದೆ. ಒಂದು ವರ್ಷ ಅಂತ ಇತ್ತು. ಬೇಗ ಆಗೋದು ಏನಾದರೂ ಇದ್ಯಾ ಅಂತ."

ಆಮೇಲೆ ನಿಧಾನಕ್ಕೆ ಹೇಳಿದಳು. ಅವಳ ಅಮ್ಮನ ಅಪ್ಪ ಆ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ವೃದ್ಧರ ಆರೈಕೆಯ ಮನೆಯಲ್ಲಿ. ಕೊನೆಯ ತಿಂಗಳು ಇವರು ಹೊರಗೆ ಪೊದೆಗಳ ನಡುವೆ ನಿಂತು ಕಿಟಕಿಯ ಗಾಜಿನೊಳಗಿಂದ ಅವರನ್ನು ನೋಡುತ್ತಿದ್ದರಂತೆ. ಮಣ್ಣು ಮಾಡಿದ್ದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದರು. ನಡುವೆ ಚಿತ್ರ ನಿಂತುಹೋಗಿ, ಮತ್ತೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸತ್ತವರಿಗಾಗಿ ಕಾಡಿಶ್ ಹೇಳಬೇಕಾದದ್ದು ಮಕ್ಕಳು. ತಾತನಿಗೆ ಇದ್ದವಳು ಒಬ್ಬಳೇ ಮಗಳು, ಇವಳ ಅಮ್ಮ. ಆಕೆ ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಹೇಳುವುದಿಲ್ಲ ಎಂದಿದ್ದರು. ತಾತ ಮೊದಲೇ ಇದನ್ನು ಬಲ್ಲವರಾಗಿ ಫೋನಿನಲ್ಲಿ ಮೊಮ್ಮಗಳಿಗೆ ಹೇಳಿಟ್ಟಿದ್ದರು: ನೀನು ಒಂದೇ ಒಂದು ಸಲ ಹೇಳು ಸಾಕು, ಆದರೆ ಮನುಷ್ಯರ ನಡುವೆ ಹೇಳು, ಟಿವಿಯೊಳಗೆ ಬೇಡ.

"ಆ ಪಾಂಪ್ಲೆಟ್‌ನಲ್ಲಿ ಹತ್ತು ಅಂತ ಇತ್ತಲ್ಲ, ಆಂಟಿ. ಅದಕ್ಕೇ ಸೇರಿದೆ. ನಂಗೆ ಹೊರಗಡೆ ಕಳಿಸೋದು ಇಲ್ಲಿಗೊಂದೇ. ಸೆಪ್ಟೆಂಬರ್‌ನಿಂದ ಸ್ಕೂಲೂ ಮನೇಲೇ."

ನಾನು ಇಲ್ಲದಿದ್ದರೆ ಆ ಡೇರೆಗೆ ಹಿರಿಯರಿಲ್ಲ, ಡೇರೆಯಿಲ್ಲ. ನಾನು ಇರುವುದರಿಂದ ಹತ್ತು ತುಂಬಿತು, ಮಿನ್ಯಾನ್ ತುಂಬಲಿಲ್ಲ. ಡಾಕ್ಟರ ಲೆಕ್ಕದಲ್ಲಿ ನಾನೊಬ್ಬಳು ಪೂರ್ತಿ ಮನುಷ್ಯಳು, ದೇವರ ಲೆಕ್ಕದಲ್ಲಿ ಡೇರೆಯ ಕಂಬ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಹಿಂದಿನ ತಿಂಗಳು ಅವರು ತಮ್ಮ ತಂದೆಯ ತಿಥಿಯನ್ನು ವೀಡಿಯೊ ಕಾಲ್‌ನಲ್ಲೇ ಮಾಡಿದ್ದರು. ಮೈಸೂರಿನ ಪುರೋಹಿತರು ಅಲ್ಲಿಂದ ಮಂತ್ರ ಹೇಳಿದರು, ಇವರು ಇಲ್ಲಿ ಪಂಚೆಯುಟ್ಟು ಟ್ಯಾಬ್ಲೆಟ್ಟಿನ ಮುಂದೆ ಕೂತು ಎಳ್ಳುನೀರು ಬಿಟ್ಟರು. ಕಾಗೆ ಬಂತೇ ಎಂದು ಪುರೋಹಿತರು ಕೇಳಿದಾಗ ಡೆಕ್ಕಿನ ಮೇಲೆ ಅಳಿಲು ಪಿಂಡವನ್ನು ಎರಡು ಕೈಯಲ್ಲಿ ಹಿಡಿದು ತಿನ್ನುತ್ತಿತ್ತು. ಇವರು ಬಂತು ಎಂದರು. ಸುಳ್ಳೇನಲ್ಲ, ಏನೋ ಒಂದು ಬಂದಿತ್ತು.

"ನಮಗೆ ಸ್ಕ್ರೀನ್ ನಡೀತಲ್ಲ, ಅವರಿಗೆ ಯಾಕಾಗಲ್ಲ?" ಎಂದರು ಗಂಡ.

"ಕೆಲವು ಗುರುಗಳು ಆಗುತ್ತೆ ಅಂದಿದಾರಂತೆ. ಆ ತಾತ ಒಪ್ಪಲ್ಲ."

"ತಾತ ಹೋಗಿಬಿಟ್ಟಿದಾರೆ."

"ಅದಕ್ಕೇ ಅವರ ಜೊತೆ ವಾದ ಮಾಡೋಕಾಗಲ್ಲ."

"ಹಾಗಾದ್ರೆ ನೀನೇ ಜಾತಿ ಬಿಡು. ಅಮ್ಮಂಗೆ ನಾನು ಹೇಳ್ತೀನಿ, ಪರ್ಮನೆಂಟ್ ಜಾಬ್ ಅಂತ."

ಮರುದಿನ ನಿರ್ದೇಶಕನಿಗೆ ಹೇಳಿದಾಗ ಅವನಿಗೆ ಮೊದಲ ದಿನ ನಕ್ಕಿದ್ದು ನೆನಪಾಗಿ ಕಿವಿ ಕೆಂಪಾಯಿತು. ನಾವಿಬ್ಬರೂ ಡೇರೆ ಬದಲಾಯಿಸಿಕೊಳ್ಳೋಣವೆಂದ. ಕಾರ್ಯಕ್ರಮಕ್ಕೆ ಸಲಹೆ ಕೊಡುತ್ತಿದ್ದ ಡಾಕ್ಟರು, ಯಾರೋ ಮಗುವಿನ ತಾಯಿ, ಬೆರೆಯುವಂತಿಲ್ಲವೆಂದರು. ಹುಡುಗಿಯನ್ನು ಆಚೆ ಕಳಿಸೋಣವೆಂದರೆ ಅದಕ್ಕೂ ಹದಿನಾಲ್ಕು ದಿನ ಮನೆಯಲ್ಲಿ ಕೂತು ಬರಬೇಕು. ಅಷ್ಟರಲ್ಲಿ ಕಾರ್ಯಕ್ರಮವೇ ಮುಗಿಯುತ್ತದೆ. ಕೊನೆಗೆ ಅವನು ತನ್ನ ಗುರುಗಳಿಗೆ ಫೋನ್ ಮಾಡಿ, ಬಹಳ ಹೊತ್ತು ಪಾರ್ಕಿಂಗ್ ಜಾಗದಲ್ಲಿ ಅಡ್ಡಾಡಿ, ಹಗ್ಗದ ಹತ್ತಿರ ಓಡಿಬಂದ.

"ಒಬ್ಬರ ಮುಖ ಒಬ್ಬರಿಗೆ ಕಾಣಬೇಕಂತೆ, ಅಷ್ಟೇ. ಕಂಡರೆ ಎರಡು ಗುಂಪೂ ಒಂದೇ ಅಂತ ಲೆಕ್ಕ ಹಾಕಬಹುದು. ನಿಮ್ಮ ಡೇರೆಯ ಈ ಬದಿಯ ಪರದೆ ಎತ್ತಿದರೆ ಆಯ್ತು."

"ಡಾಕ್ಟರು?"

"ಡಾಕ್ಟರ ಲೆಕ್ಕಕ್ಕೆ ನಡುವೆ ಹಗ್ಗ ಇದೆಯಲ್ಲ. ಅವರಿಗೆ ಎರಡು, ನಮಗೆ ಒಂದು."

ಒಂದೇ ಹಗ್ಗ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲವಾಗುವ ಈ ವಿದ್ಯೆ ನನಗೆ ನಮ್ಮ ಮಠದ ಕಡೆಯ ಹಿರಿಯರನ್ನು ನೆನಪಿಸಿ ಬಹಳ ಸಮಾಧಾನ ಕೊಟ್ಟಿತು. ಕೊನೆಯ ವಾರದ ಸೋಮವಾರ ಎಂದು ನಿಶ್ಚಯವಾಯಿತು. ಹುಡುಗಿ ಉಳಿದ ದಿನಗಳೆಲ್ಲ ಊಟದ ಹೊತ್ತಿನಲ್ಲಿ ಮರದ ಕೆಳಗೆ ಕೂತು ಕಾಡಿಶ್ ಅಭ್ಯಾಸ ಮಾಡಿದಳು. ಅದು ಅವರ ಹೀಬ್ರೂ ಕೂಡ ಅಲ್ಲ, ಅರಮಾಯಿಕ್ ಎಂಬ ಅದರ ದಾಯಾದಿ ಭಾಷೆ. ಅರ್ಥ ಕೇಳಿದೆ. ದೇವರು ದೊಡ್ಡವನು ಎಂದು ನಾನಾ ಬಗೆಯಲ್ಲಿ ಹೇಳುತ್ತದಂತೆ. ಸತ್ತವರ ಹೆಸರೂ ಇಲ್ಲ, ಸಾವಿನ ಸುದ್ದಿಯೂ ಇಲ್ಲ.

ಭಾನುವಾರ ಸಂಜೆ ಫೋನ್ ಬಂತು. ಹಗ್ಗದ ಆಚೆಯ ಡೇರೆಯ ಒಬ್ಬ ಹುಡುಗನ ತಂದೆಗೆ ಸೋಂಕು ತಗುಲಿತ್ತು. ನಿಯಮದಂತೆ ಆ ಡೇರೆ ಇಡಿಯಾಗಿ ಮನೆಯಲ್ಲಿ, ನಿರ್ದೇಶಕನೂ ಸೇರಿ.

"ಒಂದು ಒಳ್ಳೇದು ಅಂದ್ರೆ," ಎಂದು ಅವನು ಶುರು ಮಾಡಿ, "ಇಲ್ಲ, ಏನೂ ಇಲ್ಲ," ಎಂದ. ಆ ಮನುಷ್ಯನ ಬಾಯಲ್ಲಿ ಅದನ್ನು ಕೇಳಿ ನನಗೆ ಸೋಂಕಿಗಿಂತ ಹೆಚ್ಚು ಗಾಬರಿಯಾಯಿತು.

ಹೀಗೆ ಯಹೂದಿ ಮಕ್ಕಳ ಯಹೂದಿ ಕಾರ್ಯಕ್ರಮವನ್ನು ಕೊನೆಯ ವಾರ ನಡೆಸಿದವಳು ಮೈಸೂರು ಕಡೆಯ ನಾನೊಬ್ಬಳು. ನಿರ್ದೇಶಕ ತನ್ನ ಊಟದ ಮೇಜಿನಿಂದ ಫೋನಿನಲ್ಲಿ ಹೇಳಿಕೊಡುತ್ತಿದ್ದ, ನಾನು ಮಕ್ಕಳಿಗೆ ಪುಟಸಂಖ್ಯೆ ಹೇಳುತ್ತಿದ್ದೆ. ಆ ಪುಸ್ತಕ ಬಲದಿಂದ ಎಡಕ್ಕೆ ಹೋಗುವುದರಿಂದ ಅದರಲ್ಲೂ ಒಂದೆರಡು ಸಲ ಎಡವಿದೆ. ಸೋಮವಾರ ಹುಡುಗಿ ಖಾಲಿ ಡೇರೆಯ ಕಡೆ ಎತ್ತಿ ಕಟ್ಟಿದ್ದ ಪರದೆಯನ್ನು ತಾನೇ ಹೋಗಿ ಬಿಚ್ಚಿ ಇಳಿಬಿಟ್ಟಳು.

ಬೆಳಿಗ್ಗೆ ಮಕ್ಕಳನ್ನು ಇಳಿಸಲು ಕಾರುಗಳು ಸಾಲಾಗಿ ಬರುತ್ತಿದ್ದವು. ಪೋಷಕರು ಕಾರಿನಿಂದ ಇಳಿಯುವಂತಿಲ್ಲ. ಆ ಸೋಮವಾರ ಯಂತ್ರ ಹಿಡಿದು ಒಂದೊಂದು ಕಾರಿನ ಹತ್ತಿರ ಹೋಗುವಾಗಲೇ ನನಗೆ ಹೊಳೆದದ್ದು. ಮುಖ ಕಂಡರೆ ಸಾಕು ಎಂದಮೇಲೆ, ಕಾರಿನೊಳಗಿನ ಮುಖವೂ ಮುಖವೇ ಅಲ್ಲವೇ? ನಿರ್ದೇಶಕನಿಗೆ ಫೋನ್ ಮಾಡಿದೆ. ಕೇಳಿ ಹೇಳುತ್ತೇನೆಂದು ಇಟ್ಟವನು ಸ್ವಲ್ಪ ಹೊತ್ತಿನಲ್ಲೇ ವಾಪಸು ಮಾಡಿದ.

"ಆಗುತ್ತಂತೆ. ಕಿಟಕಿ ಇಳಿಸಲಿ, ಡೇರೆಯಲ್ಲಿರೋರಿಗೆ ಕಾಣಲಿ."

ಮಂಗಳವಾರ ಬೆಳಿಗ್ಗೆ ಕಾರಿನ ಸಾಲಿನಲ್ಲಿ ಹತ್ತನೆಯವರನ್ನು ಹುಡುಕುತ್ತಾ ಹೋದೆ. ಮೊದಲ ಕಾರನ್ನು ನಡೆಸುತ್ತಿದ್ದವಳು ಆ ಮನೆಯ ಆಯಾ, ಕೊರಳಲ್ಲಿ ಶಿಲುಬೆ. ಎರಡನೆಯದರಲ್ಲಿ ಕೊರಿಯಾ ಮೂಲದ ತಂದೆ. ಯಹೂದಿ ಆತನ ಹೆಂಡತಿ, ಆಕೆ ಆಸ್ಪತ್ರೆಯ ಡ್ಯೂಟಿಯಲ್ಲಿ. "ಸಾರಿ, ನಾನೂ ನಿಮ್ಮ ಹಾಗೇ," ಎಂದ ಆತ, ಒಂದೇ ಊರಿನವರು ಸಂತೆಯಲ್ಲಿ ಸಿಕ್ಕಂತೆ. ಇಬ್ಬರು ಮಕ್ಕಳನ್ನು ಕರೆತಂದವರು ಲೈಸೆನ್ಸ್ ಹೊಸದಾಗಿ ಪಡೆದ ಅಕ್ಕಂದಿರು. ನಾನು ಬಾಯಿ ತೆರೆಯುವಷ್ಟರಲ್ಲೇ ಬ್ರೇಕು ಬಿಟ್ಟು ಹೊರಟುಹೋದರು. ಮತ್ತೊಬ್ಬ ತಂದೆ ಎಲ್ಲ ರೀತಿಯಲ್ಲೂ ಅರ್ಹ. ಕಿವಿಗೆ ಇಯರ್‌ಫೋನು ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಕೈ ಸನ್ನೆಯಲ್ಲೇ ಶುಕ್ರವಾರ ಎಂದ. ಆಮೇಲೆ ಮತ್ತೊಂದು ಸನ್ನೆ ಮಾಡಿದ, ಬಹುಶಃ ನೋಡೋಣ ಎಂದಿರಬೇಕು.

ಸಾಲಿನ ಕೊನೆಯದು ಯಾವಾಗಲೂ ಹಳೆಯ ಹಸಿರು ವ್ಯಾನು. ಆ ಹುಡುಗಿಯ ಅಮ್ಮನದು. ಮಗಳು ಇಳಿದು ಡೇರೆ ಸೇರುವವರೆಗೂ ವ್ಯಾನು ಅಲ್ಲೇ ನಿಂತಿರುತ್ತಿತ್ತು; ಕಪ್ಪು ಕನ್ನಡಕ, ಏರಿಸಿದ ಗಾಜು. ಅಲ್ಲಿಯವರೆಗೆ ನಮ್ಮಿಬ್ಬರ ಮಾತು ಗುಡ್ ಮಾರ್ನಿಂಗ್ ದಾಟಿರಲಿಲ್ಲ. ಆಕೆಯನ್ನು ಕೇಳುವುದು ಸರಿಯೇ ಎಂದು ನಿರ್ದೇಶಕನನ್ನು ಮೊದಲೇ ಕೇಳಿಟ್ಟಿದ್ದೆ.

"ಆಕೆಗೆ ನಂಬಿಕೆ ಇಲ್ವಂತಲ್ಲ. ನಡೆಯುತ್ತಾ?"

"ನಂಬಿಕೆ ಬೇಕು ಅಂತ ಎಲ್ಲೂ ಇಲ್ಲ," ಎಂದಿದ್ದ. "ಅದನ್ನೂ ಕೇಳಿದ್ರೆ ನಮಗೆ ಹತ್ತು ಜನ ಎಲ್ಲಿ ಸಿಗ್ತಾರೆ?"

ದಿನಾ ಬೆಳಿಗ್ಗೆ ಆ ಮಕ್ಕಳು ಪ್ರಾರ್ಥನೆಗೆ ನಿಂತಾಗ ನಾನು ಚಪ್ಪಲಿ ಕಳಚಿ ಕೈಮುಗಿದು ನಿಲ್ಲುತ್ತಿದ್ದೆ. ಯಾರ ದೇವರಾದರೇನು, ಎದುರಿಗೆ ಬಂದಾಗ ಕೂತಿರಬಾರದು ಎನ್ನುವವಳು. ನಂಬುವ ನಾನು ಎಣಿಕೆಗೆ ಬರುವುದಿಲ್ಲ, ನಂಬದ ಆಕೆ ಬರುತ್ತಾರೆ. ಇರಲಿ, ಅವರವರ ಮನೆಯ ಲೆಕ್ಕ. ಗಾಜು ತಟ್ಟಿದೆ. ಎರಡು ಬೆರಳಷ್ಟು ಇಳಿಯಿತು.

"ನಿಮ್ಮ ಮಗಳ ವಿಷಯ ಒಂದು ಮಾತಾಡಬೇಕಿತ್ತು."

"ಜ್ವರವಾ?"

"ಅಲ್ಲ. ಕಾಡಿಶ್."

ಗಾಜು ಏರುತ್ತದೆ ಎಂದುಕೊಂಡೆ. ಏರಲಿಲ್ಲ. ಇಳಿಯಲೂ ಇಲ್ಲ.

"ನಿಮಗೆ ಯಾಕೆ ಇದು?" ಎಂದರು ಆಕೆ.

"ನನಗೇನಿಲ್ಲ. ನನ್ನನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿದ್ದರೆ ನಿಮ್ಮನ್ನ ಕೇಳ್ತಾನೇ ಇರಲಿಲ್ಲ. ಒಬ್ಬರು ಕಮ್ಮಿ ಬೀಳ್ತಿದಾರೆ. ನೀವು ಇಳಿಯೋದು ಬೇಡ, ಏನೂ ಹೇಳೋದು ಬೇಡ. ಇದೇ ಜಾಗದಲ್ಲಿ ಕಿಟಕಿ ಇಳಿಸಿ ಐದು ನಿಮಿಷ ಕೂತ್ಕೊಂಡ್ರೆ ಸಾಕು."

"ನಾನು ನಂಬಲ್ಲ. ಅವಳಿಗೆ ಗೊತ್ತು."

"ನಂಬೋದು ಬೇಡವಂತೆ. ಕೇಳಿದೀನಿ."

"ಯಾರನ್ನ?"

"ನಮ್ಮ ನಿರ್ದೇಶಕರನ್ನ."

ಆಕೆಯ ಬಾಯಿಂದ ಗಾಳಿಯಂಥದೊಂದು ಸದ್ದು ಬಂತು. ನಗುವಿರಬಹುದು. "ನಮ್ಮಪ್ಪ ಒಂದು ತಿಂಗಳು ಆ ಗಾಜಿನ ಹಿಂದೆ ಮಲಗಿದ್ದರು," ಎಂದರು. "ಒಂದು ಸಲ ಒಳಗೆ ಬಿಡಿ ಅಂತ ನಾನು ಬಾಗಿಲಲ್ಲಿ ನಿಂತು ಕೇಳಿದೆ. ನಿಮ್ಮ ಹಾಗೇ ಒಬ್ಬರು ಇದೇ ಯಂತ್ರ ಹಿಡ್ಕೊಂಡು ಬಂದು, ಬಹಳ ಒಳ್ಳೇ ಮಾತಲ್ಲಿ, ಕಾರಿಗೆ ಹೋಗಿ ಅಂದರು. ಈಗ ಕಾರಲ್ಲೇ ಕೂತು ದೇವರು ದೊಡ್ಡವನು ಅನ್ನಬೇಕಾ?"

ಯಂತ್ರವನ್ನು ಬೆನ್ನ ಹಿಂದೆ ಮಾಡಿಕೊಂಡೆ. "ನೀವು ಅನ್ನೋದು ಬೇಡ," ಎಂದೆ. "ಅವಳು ಅಂತಾಳೆ. ನೀವು ಇದ್ದರೆ ಸಾಕು."

ವ್ಯಾನು ಹೊರಟುಹೋಯಿತು. ಹುಡುಗಿಗೆ ನಾನು ಏನನ್ನೂ ಹೇಳಲಿಲ್ಲ. ಆ ರಾಜ್ಯದಲ್ಲಿ ಆಸೆ ಹುಟ್ಟಿಸುವುದಕ್ಕೂ ಯಾರಾದರೂ ನಿಯಮ ಮಾಡಬೇಕಿತ್ತು ಎನಿಸಿತು.

ಬುಧವಾರ ಬೆಳಿಗ್ಗೆ ವ್ಯಾನು ಎಂದಿನಂತೆ ಕೊನೆಯಲ್ಲಿ ಬಂತು. ಹುಡುಗಿ ಇಳಿದಳು, ತೊಂಬತ್ತೇಳು ಪಾಯಿಂಟ್ ಎಂಟು, ಡೇರೆಗೆ ಹೋದಳು. ವ್ಯಾನು ಅಲ್ಲೇ ನಿಂತಿತ್ತು. ಎಂಜಿನ್ನು ಆಡುತ್ತಿತ್ತು. ನಾನು ಮಕ್ಕಳಿಗೆ ಪುಟಸಂಖ್ಯೆ ಹೇಳಿದೆ. ಅವರು ಗುನುಗುವುದನ್ನು ಗುನುಗಿ, ಓದುವುದನ್ನು ಓದಿ, ಕಾಡಿಶ್ ಇರುವ ಜಾಗಕ್ಕೆ ಬಂದು, ವಾಡಿಕೆಯಂತೆ ಅದನ್ನು ಹಾರಿಸಿ ಮುಂದಿನ ಹಾಳೆಗೆ ಹೋಗಲು ಕಾಗದ ಹಿಡಿದಾಗ ನಾನು ಇನ್ನೊಂದು ಸಲ ದಾರಿಯ ಕಡೆ ನೋಡಿದೆ. ವ್ಯಾನಿನ ಗಾಜು ಪೂರ್ತಿ ಕೆಳಗಿತ್ತು. ಕಪ್ಪು ಕನ್ನಡಕ ತೆಗೆದಿತ್ತು.

"ತಡೀರಿ," ಎಂದೆ.

ದಾರಿಯ ಬದಿಯ ಪರದೆಯನ್ನು ನಾನೇ ಎತ್ತಿ ಕಟ್ಟಿದೆ. ಮಕ್ಕಳು ತಿರುಗಿ ನೋಡಿದರು. ಅವರಲ್ಲೇ ಒಬ್ಬ ಹುಡುಗ, ದಿನವೂ ಮಾಸ್ಕನ್ನು ಗದ್ದಕ್ಕಿಳಿಸಿ ನನ್ನಿಂದ ಬೈಸಿಕೊಳ್ಳುತ್ತಿದ್ದವನು, ಹಿಂದಿನಿಂದ ಶ್ಲೋಕದ ಪದಗಳನ್ನು ಮೆಲ್ಲಗೆ ಹೇಳುತ್ತಾ ಒಬ್ಬೊಬ್ಬರನ್ನು ದಾಟಿ, ಕೊನೆಯ ಪದವನ್ನು ವ್ಯಾನಿನ ಕಡೆ ನೋಡಿ ಹೇಳಿದ. "ಮಿನ್ಯಾನ್ ಇದೆ," ಎಂದ.

ಹುಡುಗಿ ಎದ್ದು ನಿಂತಳು. ಪುಸ್ತಕ ಕೈಯಲ್ಲಿತ್ತು, ಕನ್ನಡಕ ಮಂಜಾಗಿ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಕಾಣುತ್ತದೆ. ಬಾಯಿಪಾಠದಿಂದಲೇ ಶುರು ಮಾಡಿದಳು. ಮೊದಲ ಸಾಲಿಗೆ ಎಲ್ಲರೂ ಆಮೆನ್ ಎಂದರು, ಮಾಸ್ಕಿನೊಳಗಿನ ದಪ್ಪ ದನಿಯಲ್ಲಿ. ಮುಂದಿನ ಸಾಲಿಗೂ ಎಂದರು. ಅದರ ಮುಂದೆ ಒಂದರ ಹಿಂದೊಂದು ಹೊಗಳಿಕೆಯ ಪದಗಳು ಬರುವ ಜಾಗ, ಒಂದೇ ಥರ ಕೇಳುವ ಏಳೆಂಟು ಪದಗಳು. ಮರದ ಕೆಳಗೆ ನೂರು ಸಲ ಹೇಳಿದ್ದವಳು ಅಲ್ಲಿ ನಿಂತುಬಿಟ್ಟಳು. ಹಿಂದಕ್ಕೆ ಹೋಗಿ ಮತ್ತೆ ಬಂದಳು, ಮತ್ತೆ ಅಲ್ಲೇ ನಿಂತಳು.

ಆಗ ದಾರಿಯ ಕಡೆಯಿಂದ ಆ ಪದ ಬಂತು. ಎಂಜಿನ್ನಿನ ಸದ್ದಿನ ಮೇಲೆ, ಸ್ವಲ್ಪ ಒರಟಾಗಿ, ಅಡುಗೆಮನೆಯಿಂದ ಯಾರೋ ಮಗ್ಗಿ ತಪ್ಪಿದ ಮಗುವಿಗೆ ಕೂಗಿ ಹೇಳಿದ ಹಾಗೆ. ಅದರ ಮುಂದಿನದೂ ಬಂತು. ಹುಡುಗಿ ಅದನ್ನು ಹಿಡಿದುಕೊಂಡಳು. ಆಮೇಲೆ ಎರಡೂ ದನಿ ಒಟ್ಟಿಗೇ ಹೋದವು, ಅಮ್ಮನದು ಅರ್ಧ ಹೆಜ್ಜೆ ಮುಂದೆ, ಪುಸ್ತಕವಿಲ್ಲದೆ, ಒಂದು ಕಡೆಯೂ ತಡವರಿಸದೆ. ಎಂಜಿನ್ನು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ನಾನು ಆಮೆನ್ ಅನ್ನಬಹುದೋ ಬಾರದೋ ಎಂದು ಕೇಳಿಟ್ಟಿರಲಿಲ್ಲ. ಅಂದೆ. ಅದರಿಂದ ಯಾರ ಲೆಕ್ಕವೂ ಕೆಡಲಿಲ್ಲ.

ಪ್ರಾರ್ಥನೆ ಮುಗಿದ ಮೇಲೂ ವ್ಯಾನು ಹೊರಡಲಿಲ್ಲ. ನಾನು ಹತ್ತಿರ ಹೋಗಿ, ಅಭ್ಯಾಸಬಲದಿಂದ ಕೈಯಲ್ಲಿದ್ದ ಯಂತ್ರವನ್ನು ಜೇಬಿಗೆ ಹಾಕಿಕೊಂಡು, ಥ್ಯಾಂಕ್ಸ್ ಎಂದೆ.

"ಆ ಸಾಲು ತಪ್ಪು ಹೇಳ್ತಾಳೆ," ಎಂದರು ಆಕೆ. ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಸಿಟ್ಟು. "ಅಪ್ಪ ಅವರಪ್ಪನಿಗೆ ದಿನಾ ಹೇಳೋರು. ಒಂದು ವರ್ಷ ನಾನು ಪಕ್ಕದಲ್ಲಿ ನಿಂತು ಕೇಳಿದೀನಿ. ಅವರಿದ್ದಿದ್ರೆ ಮಧ್ಯದಲ್ಲೇ ನಿಲ್ಲಿಸಿ, ಮೊದಲಿಂದ ಹೇಳು ಅಂತಿದ್ರು."

"ಸರಿಯಾಯ್ತಲ್ಲ ಆಮೇಲೆ."

"ಏನು ಸರಿಯಾಯ್ತು? ಅರ್ಧ ನಾನೇ ಹೇಳಿದೆ."

ಗಾಜು ಏರಿತು, ವ್ಯಾನು ಹೋಯಿತು. ಹುಡುಗಿ ತಾತನಿಗೆ ಕೊಟ್ಟ ಮಾತು ಒಂದೇ ಸಲದ್ದು, ಅದು ತೀರಿತ್ತು. ನಿರ್ದೇಶಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಒಳ್ಳೆಯದನ್ನು ಹುಡುಕುವ ಕಷ್ಟ ಅವನಿಗೆ ಆ ದಿನ ಇರಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಐಸ್ ಪೆಟ್ಟಿಗೆ ಇಳಿಸುವ ಹೊತ್ತಿಗೇ ಹಸಿರು ವ್ಯಾನು ಬಂದು ನಿಂತಿತ್ತು. ದಿನವೂ ಕೊನೆಗೆ ಬರುವವರು ಅಂದು ಎಲ್ಲರಿಗಿಂತ ಮೊದಲು ಬಂದು, ಡೇರೆಗೆ ನೇರವಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರು. ಕಿಟಕಿ ಇಳಿಸಿತ್ತು. ಒಳಗೆ ಅಮ್ಮ ಮಗಳು ಕಾಡಿಶ್‌ನ ಯಾವುದೋ ಪದಕ್ಕೆ ಜಗಳವಾಡುತ್ತಿದ್ದರು. ಅವರ ಹಿಂದೆ ಸಿಕ್ಕಿಕೊಂಡ ಕಾರುಗಳ ಸಾಲು ಮುಖ್ಯ ರಸ್ತೆಯವರೆಗೂ ಬೆಳೆದು, ಕೊನೆಯಲ್ಲಿ ಯಾರೋ ಹಾರ್ನ್ ಒತ್ತಿದರು. ನಾನು ಮಂದಿರದ ಗ್ಯಾರೇಜಿನಿಂದ ಕಿತ್ತಳೆ ಬಣ್ಣದ ಕೋನುಗಳನ್ನು ತಂದು, ವ್ಯಾನಿಗೆ ಹುಲ್ಲಿನ ಅಂಚಿನಲ್ಲಿ ಬೇರೆ ಜಾಗ ಗುರುತು ಮಾಡಿಕೊಟ್ಟು, ಉಳಿದವರನ್ನು ಅದರ ಪಕ್ಕದಿಂದ ಒಬ್ಬೊಬ್ಬರಾಗಿ ಒಳಗೆ ಬಿಟ್ಟೆ.